ಕೈ ಕೆಸರಾದರೆ ವಿಜ್ಞಾನ

“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ದುಡಿಮೆಯ ಹಿರಿಮೆಯನ್ನು ಸಾರುವ ಈ ಮಾತನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ನಾಲ್ಕು ವರ್ಷದ ಮಗುವೊಂದು ಹಿತ್ತಲಿನಲ್ಲಿ ಕುಳಿತು ನಿಜವಾಗಿಯೇ ಕೈ ಕೆಸರು ಮಾಡಿಕೊಂಡಿತೆಂದರೆ, “ಛೀ, ಕೊಳೆ! ಏಳು, ಕೈ ತೊಳೆದುಕೋ” ಎಂಬ ಗದರಿಕೆ ಮನೆಯೊಳಗಿನಿಂದ ಕೂಡಲೆ ಕೇಳಿಬರುತ್ತದೆ. ಮಗು ಎದ್ದು ಬರುತ್ತದೆ; ಕೈ ಶುದ್ಧವಾಗುತ್ತದೆ. ಅದರೊಡನೆ, ಅರ್ಧಕ್ಕೆ ನಿಂತ ಒಂದು ಪ್ರಯೋಗವೂ ಬಚ್ಚಲಿನಲ್ಲಿ ಹರಿದುಹೋಗುತ್ತದೆ.

‘ಪ್ರಯೋಗ’ ಎಂಬ ದೊಡ್ಡ ಮಾತನ್ನು ನಾವು ಇಲ್ಲಿ ವಿನೋದಕ್ಕಾಗಿ ಬಳಸಿಲ್ಲ. ಮೂರರಿಂದ ಐದು ವರ್ಷದ ಮಗುವಿನ ಕೈಗೆ ಒಂದು ಚೊಂಬನ್ನೂ ಎರಡು ಲೋಟಗಳನ್ನೂ ಕೊಟ್ಟು, ಅರ್ಧ ಗಂಟೆಯ ಕಾಲ ಸುಮ್ಮನೆ ನೋಡುತ್ತ ಕುಳಿತುಕೊಳ್ಳಿ. ಅದು ನೀರನ್ನು ಒಂದರಿಂದ ಮತ್ತೊಂದಕ್ಕೆ ಸುರಿಯುತ್ತದೆ. ಮತ್ತೆ ಸುರಿಯುತ್ತದೆ. ಈ ಸಲ ತುಸು ಎತ್ತರದಿಂದ ಸುರಿದು, ಸಿಡಿದ ಹನಿಗಳನ್ನು ನೋಡಿ ನಗುತ್ತದೆ. ಇನ್ನೂ ಎತ್ತರಿಸುತ್ತದೆ, ಹನಿಗಳು ಇನ್ನೂ ದೂರಕ್ಕೆ ಸಿಡಿಯುತ್ತವೆ. ದೊಡ್ಡವರ ಕಣ್ಣಿಗೆ ಇದು ಬರಿಯ ಹುಚ್ಚಾಟ. ಆದರೆ ಇಲ್ಲಿ ನಡೆದುದೇನೆಂಬುದನ್ನು ಯೋಚಿಸಿರಿ: ಲೋಟ ಅದೇ, ನೀರು ಅದೇ, ಬದಲಾದುದು ಎತ್ತರವೊಂದೇ. ಉಳಿದುದನ್ನೆಲ್ಲ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ ಫಲವನ್ನು ನೋಡುವುದಕ್ಕೇ ಅಲ್ಲವೇ ನಾವು ಪ್ರಯೋಗವೆಂದು ಹೆಸರಿಟ್ಟಿರುವುದು? ಹೆಸರನ್ನು ಕಲಿಯುವ ಮೊದಲೇ ಮಗು ಕ್ರಿಯೆಯನ್ನು ಕಲಿತಿರುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಒಂದು ಚಿತ್ರವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ವರ್ಷ ವರ್ಷವೂ ಕಾಣುತ್ತೇವೆ. ಹೊಸದಾಗಿ ಬಂದ ವಿದ್ಯಾರ್ಥಿಗೆ ಒಂದು ಲೋಲಕವನ್ನೋ ಮಸೂರವನ್ನೋ ಕೊಟ್ಟರೆ, ಅದನ್ನು ಮುಟ್ಟುವುದಕ್ಕೆ ಮುಂಚೆಯೇ “ಸರ್, ಉತ್ತರ ಎಷ್ಟು ಬರಬೇಕು?” ಎಂದು ಕೇಳುವವರೇ ಹೆಚ್ಚು. ವಸ್ತು ತನಗೆ ಏನನ್ನು ಹೇಳುತ್ತದೆ ಎಂಬುದಕ್ಕಿಂತ ಪುಸ್ತಕ ತನ್ನಿಂದ ಏನನ್ನು ಬಯಸುತ್ತದೆ ಎಂಬುದೇ ಅವರ ಚಿಂತೆ. ನಾಲ್ಕನೆಯ ವರ್ಷದಲ್ಲಿ ಇದ್ದ ಧೈರ್ಯ ಹದಿನೇಳನೆಯ ವರ್ಷದ ಹೊತ್ತಿಗೆ ಎಲ್ಲಿ ಹೋಯಿತು? ಚೆಲ್ಲಿದರೆ ಬೈಗುಳ, ತಪ್ಪಿದರೆ ಅಂಕಗಳ ಕಡಿತ; ಈ ಎರಡು ಭಯಗಳ ನಡುವೆ ಅದು ಮೆಲ್ಲಮೆಲ್ಲನೆ ಸವೆದುಹೋಗುತ್ತದೆ ಎಂದು ನಾವು ನಂಬುತ್ತೇವೆ. ಆದುದರಿಂದಲೇ, ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇರುವ ವಿದ್ಯಾರ್ಥಿಮಿತ್ರರ ಮುಂದೆ ಈ ವಿಷಯವನ್ನು ಇಡಬೇಕೆನಿಸಿತು.

ನೀರಿನ ಪಾಠ

ಎಲ್ಲಕ್ಕಿಂತ ಅಗ್ಗವಾದ ಉಪಕರಣ ನೀರು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, “ಎರಡರಲ್ಲೂ ಒಂದೇ ಸಮ ಇದೆಯೇ?” ಎಂದು ಮಗುವನ್ನು ಕೇಳಿರಿ. ಹೌದೆನ್ನುತ್ತದೆ. ಈಗ ಮಗುವಿನ ಕೈಯಿಂದಲೇ ಒಂದು ಲೋಟದ ನೀರನ್ನು ಎತ್ತರವಾದ ಸಣ್ಣ ಬಾಯಿಯ ಪಾತ್ರೆಗೆ ಸುರಿಸಿ, ಯಾವುದರಲ್ಲಿ ಹೆಚ್ಚು ಎಂದು ಕೇಳಿರಿ. ನಾಲ್ಕೈದು ವರ್ಷದ ಮಕ್ಕಳಲ್ಲಿ ಬಹುಮಂದಿ ಎತ್ತರದ ಪಾತ್ರೆಯನ್ನೇ ತೋರಿಸುತ್ತಾರೆ. ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಈ ಪರೀಕ್ಷೆಯನ್ನು ಪ್ರಸಿದ್ಧಿಗೆ ತಂದನು. ಪಾತ್ರೆ ಬದಲಾದರೂ ಮೊತ್ತ ಬದಲಾಗದು ಎಂಬ ಅರಿವು ಸಾಮಾನ್ಯವಾಗಿ ಆರು ಏಳು ವರ್ಷಗಳ ಹೊತ್ತಿಗೆ ನೆಲೆಗೊಳ್ಳುತ್ತದೆಂದು ಅವನು ಕಂಡುಕೊಂಡನು.

ಮಗು ತಪ್ಪು ಹೇಳಿತೆಂದು ಇಲ್ಲಿ ತಿದ್ದಹೊರಡುವುದು ವ್ಯರ್ಥ. ‘ದ್ರವ್ಯರಾಶಿಯ ಸಂರಕ್ಷಣೆ’ ಎಂಬ ನಿಯಮವನ್ನು ಬಾಯಿಮಾತಿನಿಂದ ಆ ವಯಸ್ಸಿನಲ್ಲಿ ಕಲಿಸಲಾಗುವುದಿಲ್ಲ. “ಮತ್ತೆ ಹಳೆಯ ಲೋಟಕ್ಕೇ ಸುರಿದು ನೋಡು, ಪುಟ್ಟಾ” ಎಂದರೆ ಸಾಕು. ನೀರು ಮೊದಲಿನ ಮಟ್ಟಕ್ಕೇ ಬಂದು ನಿಲ್ಲುವುದನ್ನು ಅದು ಹತ್ತು ಸಲ, ಇಪ್ಪತ್ತು ಸಲ ನೋಡಲಿ. ನೆಲ ಒದ್ದೆಯಾಗುವುದು ನಿಜ. ಆ ಒದ್ದೆಯ ಮೇಲೆಯೇ ಮುಂದಿನ ಗಣಿತ, ರಸಾಯನಶಾಸ್ತ್ರಗಳ ಅಡಿಪಾಯ ನಿಲ್ಲುತ್ತದೆ.

ಇನ್ನೊಂದು ಆಟವೂ ಇದೆ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ಅದರ ಮೇಲೆ ಮೆಣಸಿನ ಪುಡಿಯನ್ನು—ಕಾಳುಮೆಣಸಿನದು, ಖಾರದ ಪುಡಿಯಲ್ಲ—ನೀವೇ ತೆಳ್ಳಗೆ ಉದುರಿಸಿರಿ. ಮಗು ಬೆರಳ ತುದಿಗೆ ಸ್ವಲ್ಪ ಸಾಬೂನು ಹಚ್ಚಿಕೊಂಡು ನಟ್ಟನಡುವೆ ಮುಟ್ಟಲಿ. ಪುಡಿಯೆಲ್ಲ ಹೆದರಿದಂತೆ ಅಂಚಿಗೆ ಓಡುತ್ತದೆ. ನೀರಿನ ಮೇಲ್ಮೈ ಎಲ್ಲ ಕಡೆಗೂ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಸಾಬೂನು ತಾಗಿದೆಡೆ ಈ ಮೇಲ್ಮೈ ಎಳೆತ ಕುಗ್ಗುತ್ತದೆ. ಸುತ್ತಲಿನ ಎಳೆತ ಮಾತ್ರ ಮೊದಲಿನಂತೆಯೇ ಉಳಿದು ಪುಡಿಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ಈ ಆಟವನ್ನು ಕ್ಷುಲ್ಲಕವೆನ್ನುವವರು ಆಗ್ನೆಸ್ ಪೊಕೆಲ್ಸಳ ಕಥೆಯನ್ನು ಕೇಳಬೇಕು. ೧೮೬೨ರಲ್ಲಿ ಹುಟ್ಟಿದ ಈಕೆ ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ತಾಯ್ತಂದೆಗಳ ಮನೆವಾರ್ತೆ ನೋಡಿಕೊಂಡಿದ್ದವಳು. ಹೆಣ್ಣುಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ಆಗ ಮುಚ್ಚಿತ್ತು. ಭೌತಶಾಸ್ತ್ರವನ್ನು ಓದುತ್ತಿದ್ದ ತಮ್ಮ ಫ್ರೀಡ್ರಿಶ್ ಒದಗಿಸಿದ ಪುಸ್ತಕಗಳೇ ಅವಳ ಕಾಲೇಜು. ಜಿಡ್ಡು ಕೂಡಿದ ನೀರಿನ ಮೇಲ್ಮೈ ಶುದ್ಧ ನೀರಿನ ಮೇಲ್ಮೈಯಂತೆ ವರ್ತಿಸದೆಂಬುದನ್ನು ಗಮನಿಸಿ, ಆಕೆ ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡಳು. ಅಡ್ಡಲಾಗಿ ಸರಿಸಬಹುದಾದ ತಗಡಿನ ಪಟ್ಟಿಯೊಂದನ್ನು ಅದರ ಮೇಲಿಟ್ಟಳು. ನೀರಿಗೆ ಅಂಟಿದ ಪುಟ್ಟ ಗುಂಡಿಯೊಂದನ್ನು ಮೇಲೆತ್ತಲು ಬೇಕಾದ ಬಲವನ್ನು ತಕ್ಕಡಿಯಿಂದ ಅಳೆದಳು. ೧೮೯೧ರಲ್ಲಿ ತನ್ನ ಫಲಿತಾಂಶಗಳನ್ನು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರೇಲಿಗೆ ಬರೆದು ಕಳುಹಿಸಿದಳು. ರೇಲಿ ಆ ಪತ್ರವನ್ನು ‘ನೇಚರ್’ ಪತ್ರಿಕೆಗೆ ಕಳುಹಿಸಿದನು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅದು ಅಚ್ಚಾಯಿತು. ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ ೧೯೩೨ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಬಳಸಿದ ತೊಟ್ಟಿಯು, ಅಡಿಗೆಮನೆಯಲ್ಲಿ ಹುಟ್ಟಿದ ಆ ಸಾಧನದ ಸುಧಾರಿಸಿದ ರೂಪವೇ ಆಗಿತ್ತು.

ಮಣ್ಣು ಮತ್ತು ಮರಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಜ್ಯೇಷ್ಠ ಬಹುಳ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ಪದ್ಧತಿಯುಂಟು. ಮಣ್ಣೆತ್ತಿನ ಅಮಾವಾಸ್ಯೆ ಎಂದೇ ಅದಕ್ಕೆ ಹೆಸರು. ಹಿರಿಯರ ಪಕ್ಕದಲ್ಲಿ ಕುಳಿತು ಎತ್ತಿನ ಕೋಡನ್ನು ತಿದ್ದುವ ಮಗುವಿಗೆ ಯಾವ ಪುಸ್ತಕವೂ ಹೇಳಿಕೊಡಲಾಗದ ಸಂಗತಿಗಳು ಬೆರಳುಗಳ ಮೂಲಕವೇ ತಿಳಿಯುತ್ತವೆ. ನೀರು ಕಡಮೆಯಾದರೆ ಮಣ್ಣು ಬಿರಿಯುತ್ತದೆ. ಹೆಚ್ಚಾದರೆ ಕಾಲು ಕುಸಿದು ಎತ್ತು ಮಲಗುತ್ತದೆ. ಹದ ನಡುವೆ ಎಲ್ಲೋ ಇದೆ. ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮವಾದ ಚಪ್ಪಟೆ ಹಾಳೆಗಳಂತಿರುತ್ತವೆ. ಅವುಗಳ ನಡುವೆ ನೀರಿನ ತೆಳು ಪದರ ಸೇರಿದಾಗ ಹಾಳೆಗಳು ಒಂದರ ಮೇಲೊಂದು ಜಾರಬಲ್ಲವು. ಒತ್ತಡ ತೆಗೆದ ಮೇಲೆ ಇದ್ದಲ್ಲಿಯೇ ನಿಲ್ಲಬಲ್ಲವು. ನೀರು ಆರಿದಂತೆಲ್ಲ ಹಾಳೆಗಳು ಹತ್ತಿರ ಸರಿದು ಬೊಂಬೆ ಕುಗ್ಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಬೇಸಗೆಯಲ್ಲಿ ಎರೆಹೊಲಗಳು ಬಾಯ್ದೆರೆಯುವುದಕ್ಕೂ ಮಗುವಿನ ಎತ್ತಿನ ಬೆನ್ನು ಬಿರಿಯುವುದಕ್ಕೂ ಕಾರಣ ಒಂದೇ.

ಮರಳಿನ ಸ್ವಭಾವ ಬೇರೆ. ಒಣ ಮರಳನ್ನು ಸುರಿದರೆ ಗುಪ್ಪೆಯಾಗುವುದೇ ಹೊರತು ಗೋಡೆಯಾಗಿ ನಿಲ್ಲದು. ಸ್ವಲ್ಪ ನೀರು ಬೆರೆತರೆ ಗೋಪುರವೇ ನಿಲ್ಲುತ್ತದೆ. ಮರಳಿನ ಕಣಗಳು ತಾಗುವೆಡೆಗಳಲ್ಲಿ ನೀರು ಚಿಕ್ಕ ಚಿಕ್ಕ ಸೇತುವೆಗಳಾಗಿ ನಿಂತು, ಮೇಲ್ಮೈ ಎಳೆತದಿಂದ ಕಣಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಇದಕ್ಕೆ ಬೇಕಾದ ನೀರು ಎಷ್ಟೆಂದು ೨೦೧೨ರಲ್ಲಿ ಕೆಲವು ಭೌತವಿಜ್ಞಾನಿಗಳು ಅಳೆದು ನೋಡಿದರು. ಗಾತ್ರದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ನೀರಿದ್ದಾಗಲೇ ಮರಳಿನ ಗೋಪುರ ಅತ್ಯಂತ ದೃಢವಾಗಿರುತ್ತದೆಂದು ಕಂಡರು. ನೀರು ಅತಿಯಾಗಿ ಎಲ್ಲ ಸಂದುಗಳೂ ತುಂಬಿಹೋದರೆ ಸೇತುವೆಗಳೇ ಇಲ್ಲವಾಗಿ ಗೋಪುರ ಕರಗುತ್ತದೆ. ಮಗುವಿಗೆ ಈ ಅಂಕಿ ಬೇಡ. ಒಣ ಮರಳು, ನಸು ಒದ್ದೆಯಾದುದು, ತೋಯ್ದುಹೋದುದು—ಮೂರು ಗುಪ್ಪೆಗಳನ್ನು ಮುಂದಿಟ್ಟು, “ಯಾವುದರಲ್ಲಿ ಮನೆ ನಿಲ್ಲುತ್ತೆ ಹೇಳು, ನೋಡೋಣ” ಎಂದರೆ ಸಾಕು.

ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನಡೆದವರಿಗೆ ಇನ್ನೊಂದು ಸೋಜಿಗವೂ ಪರಿಚಿತ. ಕಾಲೂರಿದೊಡನೆ ಪಾದದ ಸುತ್ತಲಿನ ಮರಳು ಕ್ಷಣಕಾಲ ಒಣಗಿದಂತೆ ಬೆಳ್ಳಗಾಗುತ್ತದೆ. ಒತ್ತಿದರೆ ನೀರು ಹೊರಕ್ಕೆ ಬರಬೇಕಲ್ಲವೇ? ಒಳಕ್ಕೆ ಹೋಗುವುದೇಕೆ? ಇಂಗ್ಲೆಂಡಿನ ಆಸ್ಬರ್ನ್ ರೆನಾಲ್ಡ್ಸ್ ೧೮೮೫ರಲ್ಲಿ ಇದಕ್ಕೆ ಉತ್ತರ ಕೊಟ್ಟನು. ಒತ್ತೊತ್ತಾಗಿ ಕುಳಿತ ಕಣಗಳು ಕದಲಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು. ಹಾಗೆ ದಾಟುವಾಗ ಅವುಗಳ ನಡುವಣ ಸಂದು ಹಿಗ್ಗುತ್ತದೆ. ಹಿಗ್ಗಿದ ಸಂದಿಗೆ ಮೇಲಿನ ನೀರು ಇಳಿಯುತ್ತದೆ. ಕಣಗಳು ಒತ್ತೊತ್ತಾಗಿರುವಾಗ ಅವುಗಳಿಗೆ ಕದಲಲು ಎಡೆ ಬೇಕು ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಆಟಕ್ಕೆ ಹೋಗೋಣ.

ಘನವೋ, ದ್ರವವೋ?

ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ಬಿಳಿಯ ಪುಡಿ ಮುಸುಕಿನ ಜೋಳದ ಪಿಷ್ಟ. ಗಿರಣಿಯಲ್ಲಿ ಬೀಸಿದ ಮುಸುಕಿನ ಜೋಳದ ಹಿಟ್ಟಿನಿಂದ ಈ ಆಟ ನಡೆಯದು, ಪಿಷ್ಟವೇ ಬೇಕು. ಅಗಲವಾದ ಬೋಗುಣಿಯಲ್ಲಿ ಎರಡು ಬಟ್ಟಲು ಪಿಷ್ಟ ಹಾಕಿ, ಸುಮಾರು ಒಂದು ಬಟ್ಟಲು ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಮಗುವಿನ ಕೈಯಿಂದಲೇ ಕಲಸಿಸಿರಿ. ಮೆಲ್ಲನೆ ತಿರುಗಿಸಿದರೆ ಮಜ್ಜಿಗೆಯಂತೆ ಸರಿಯಬೇಕು, ಬಲವಾಗಿ ತಿರುಗಿಸಹೊರಟರೆ ಚಮಚ ಸಿಕ್ಕಿಹಾಕಿಕೊಳ್ಳಬೇಕು; ಅದೇ ಹದ.

ಈಗ ಆಟ ಆರಂಭವಾಗಲಿ. ಮೆಲ್ಲನೆ ಬೆರಳಿಳಿಸಿದರೆ ಬೆರಳು ತಳಮುಟ್ಟುತ್ತದೆ. ಮುಷ್ಟಿಯಿಂದ ಗುದ್ದಿದರೆ ಗಟ್ಟಿ ನೆಲವನ್ನು ಗುದ್ದಿದಂತಾಗುತ್ತದೆ. ಒಂದು ಹನಿಯೂ ಸಿಡಿಯುವುದಿಲ್ಲ. ಅಂಗೈಯಲ್ಲಿ ತೆಗೆದುಕೊಂಡು ಬಿಡದೆ ಉರುಳಿಸುತ್ತಿದ್ದರೆ ಉಂಡೆಯಾಗುತ್ತದೆ. ಉರುಳಿಸುವುದನ್ನು ನಿಲ್ಲಿಸಿದೊಡನೆ ಉಂಡೆ ಕರಗಿ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಮಗು ಕೂಗುತ್ತದೆ, ನಗುತ್ತದೆ, ಮತ್ತೆ ಉಂಡೆ ಕಟ್ಟುತ್ತದೆ. ಮೊಣಕೈವರೆಗೂ ಬಿಳಿಯಾಗುತ್ತದೆ. ಪಕ್ಕದಲ್ಲಿರುವ ನೀವು ನಿಮ್ಮ ಪಠ್ಯಪುಸ್ತಕವನ್ನು ನೆನೆದುಕೊಳ್ಳಿ. ‘ಘನಕ್ಕೆ ತನ್ನದೇ ಆದ ಆಕಾರವುಂಟು, ದ್ರವವು ಪಾತ್ರೆಯ ಆಕಾರವನ್ನು ತಾಳುತ್ತದೆ.’ ಸರಿ, ಬೋಗುಣಿಯಲ್ಲಿರುವುದು ಯಾವುದು?

ಉತ್ತರಕ್ಕೆ ನ್ಯೂಟನ್ನನವರೆಗೆ ಹೋಗಬೇಕಾಗುತ್ತದೆ. ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ತಡೆಯು ಜಾರುವಿಕೆಯ ವೇಗಾಂತರಕ್ಕೆ ಅನುಪಾತದಲ್ಲಿರುತ್ತದೆಂದು ೧೬೮೭ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಆತನು ಊಹಿಸಿದನು. ನೀರು, ಎಣ್ಣೆಗಳು ಈ ನಿಯಮಕ್ಕೆ ಒಳಪಡುತ್ತವೆ. ಎಣ್ಣೆ ನೀರಿಗಿಂತ ಮಂದವೇನೋ ನಿಜ. ಆದರೆ ಮೆಲ್ಲನೆ ಕಲಕಿದರೂ ವೇಗವಾಗಿ ಕಲಕಿದರೂ ಅದರ ಸ್ನಿಗ್ಧತೆ ಬದಲಾಗದು. ಪಿಷ್ಟದ ಕಲಕಿನಲ್ಲಾದರೋ ವೇಗ ಹೆಚ್ಚಿದಂತೆ ಸ್ನಿಗ್ಧತೆಯೂ ಏರುತ್ತದೆ. ನ್ಯೂಟನ್ನನ ನಿಯಮಕ್ಕೆ ಒಳಪಡದ ಇಂತಹ ದ್ರವಗಳ ಗುಂಪು ಬಹಳ ದೊಡ್ಡದು.

ಕಾರಣವನ್ನು ಕಣಗಳ ಮಟ್ಟದಲ್ಲಿ ಹುಡುಕಬೇಕು. ಪಿಷ್ಟದ ಕಣ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದ ಆಸುಪಾಸಿನದು. ಅದು ತಣ್ಣೀರಿನಲ್ಲಿ ಕರಗದೆ ತೇಲಾಡುತ್ತಿರುತ್ತದೆ. ಮೆಲ್ಲನೆ ಸರಿಸಿದಾಗ ಕಣಗಳ ನಡುವಣ ನೀರಿನ ಪದರ ಕೀಲೆಣ್ಣೆಯಂತೆ ಕೆಲಸಮಾಡಿ, ಅವು ಒಂದನ್ನೊಂದು ತಪ್ಪಿಸಿಕೊಂಡು ಜಾರುತ್ತವೆ. ಥಟ್ಟನೆ ಗುದ್ದಿದಾಗ ನೀರಿನ ಪದರ ಹಿಂಡಿಹೋಗಿ ಕಣಕ್ಕೆ ಕಣ ತಗಲುತ್ತದೆ, ಘರ್ಷಣೆ ಹುಟ್ಟುತ್ತದೆ, ಕದಲಲು ಎಡೆ ಸಾಲದೆ ಕಣಗಳು ಒಂದಕ್ಕೊಂದು ಆನಿಕೊಂಡು ನಿಂತುಬಿಡುತ್ತವೆ. ಕಿರಿದಾದ ಬಾಗಿಲಲ್ಲಿ ಜನ ಒಬ್ಬೊಬ್ಬರಾಗಿ ಹೊರಟರೆ ಎಲ್ಲರೂ ದಾಟುತ್ತಾರೆ, ಎಲ್ಲರೂ ಒಮ್ಮೆಗೇ ನುಗ್ಗಿದರೆ ಯಾರೂ ದಾಟಲಾರರಷ್ಟೆ, ಇದೂ ಹಾಗೆಯೇ. ೨೦೧೨ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ವೈಟುಕೈಟಿಸ್ ಮತ್ತು ಯೇಗರ್ ಎಂಬಿಬ್ಬರು, ಇಂತಹ ಕಲಕಿನೊಳಕ್ಕೆ ಲೋಹದ ಸರಳೊಂದನ್ನು ವೇಗವಾಗಿ ಹೊಡೆದು ಅತಿವೇಗದ ಕ್ಯಾಮೆರಾದಿಂದಲೂ ಎಕ್ಸ್ ಕಿರಣಗಳಿಂದಲೂ ಪರೀಕ್ಷಿಸಿದರು. ಸರಳಿನ ಅಡಿಯಲ್ಲಿ ಗಟ್ಟಿಯಾದ ಭಾಗವೊಂದು ಥಟ್ಟನೆ ಹುಟ್ಟಿ ಕೆಳಮುಖವಾಗಿ ಬೆಳೆಯುತ್ತ ಹೋಗುವುದು ಕಂಡುಬಂತು. ದೊಡ್ಡ ತೊಟ್ಟಿಯಲ್ಲಿ ತುಂಬಿದ ಈ ಕಲಕಿನ ಮೇಲೆ ಮನುಷ್ಯರು ಓಡಿ ದಾಟಬಲ್ಲರು, ನಿಂತರೆ ಮುಳುಗುವರು ಎಂಬುದಕ್ಕೆ ಇದೇ ಸಮಾಧಾನ. ಈ ವಿಷಯದ ಮೇಲೆ ಸಂಶೋಧನೆ ಇನ್ನೂ ನಡೆಯುತ್ತಲೇ ಇದೆ. ಮಗುವಿನ ಕೈಯಲ್ಲಿರುವ ಉಂಡೆ ಭೌತಶಾಸ್ತ್ರ ಮುಗಿಸಿ ಮುಚ್ಚಿಟ್ಟ ಅಧ್ಯಾಯವಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಅರಿಶಿನದ ಬಣ್ಣ

ಬಣ್ಣದ ಆಟಕ್ಕೆ ಅಡಿಗೆಮನೆಯ ಅರಿಶಿನ ಸಾಕು. ಅರಿಶಿನದ ನೀರಿಗೆ ಸುಣ್ಣ ಸೇರಿಸಿ ಕೆಂಪಾದ ಆರತಿ ಎತ್ತುವುದನ್ನು ನಮ್ಮ ಮಕ್ಕಳು ಶುಭಕಾರ್ಯಗಳಲ್ಲಿ ನೋಡಿಯೇ ಇರುತ್ತಾರೆ. ಅರಿಶಿನದಲ್ಲಿರುವ ಕರ್ಕುಮಿನ್ ಎಂಬ ವಸ್ತು ಆಮ್ಲದಲ್ಲಿಯೂ ಶುದ್ಧ ನೀರಿನಲ್ಲಿಯೂ ಹಳದಿಯಾಗಿದ್ದು, ಪಿಎಚ್ ಪ್ರಮಾಣ ಸುಮಾರು ೭.೪ರಿಂದ ೮.೬ಕ್ಕೆ ಏರುವಷ್ಟರಲ್ಲಿ ಕೆಂಪಿಗೆ ತಿರುಗುತ್ತದೆ. ಮಕ್ಕಳ ಕೈಗೆ ಸುಣ್ಣವನ್ನು ಕೊಡಲೇಕೂಡದು. ಅದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅರಿಶಿನ ಹಚ್ಚಿ ಒಣಗಿಸಿದ ಕಾಗದದ ಮೇಲೆ ಮೈಸಾಬೂನಿನ ನೊರೆಯಿಂದ ಮಗು ಗೀಚಲಿ; ಗೀಚಿದ್ದೆಲ್ಲ ಕೆಂಪಾಗುತ್ತದೆ. ಅದರ ಮೇಲೆ ನಿಂಬೆಹಣ್ಣಿನ ರಸದ ಹನಿ ಬಿದ್ದರೆ ಮತ್ತೆ ಹಳದಿ. ಅಂಗಿಯ ಮೇಲಿನ ಹುಳಿಯ ಕಲೆ ಸಾಬೂನು ಹಚ್ಚಿದಾಗ ಕೆಂಪಾಗುವುದೇಕೆಂದು ಅಮ್ಮನಿಗೆ ತಿಳಿಸಿ ಹೇಳುವ ಕೆಲಸ ನಿಮ್ಮದಾಗಲಿ.

ಅಣ್ಣ ಅಕ್ಕಂದಿರ ಕರ್ತವ್ಯ

ಇಂತಹ ಆಟಗಳಲ್ಲಿ ಹಿರಿಯರು ಮಾಡಬೇಕಾದುದು ಬಹಳ ಕಡಮೆ. ಆ ಕಡಮೆಯನ್ನು ಮಾಡುವುದೇ ಕಷ್ಟ. ಮೊದಲನೆಯದಾಗಿ, ಕೈ ಮಗುವಿನದಾಗಿರಬೇಕು. ಅಣ್ಣನು ತಾನೇ ಎಲ್ಲವನ್ನೂ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡರೆ ಅದು ಗಾರುಡಿ ವಿದ್ಯೆ; ನೋಡಿದ ಮಗುವಿಗೆ ಬೆರಗು ಉಳಿಯಬಹುದು, ಅರಿವು ಉಳಿಯದು. ಎರಡನೆಯದಾಗಿ, “ಏಕೆ?” ಎಂದು ಪೀಡಿಸುವುದಕ್ಕಿಂತ “ಹೀಗೆ ಮಾಡಿದರೆ ಏನಾಗುತ್ತೆ?” ಎಂದು ಮೊದಲೇ ಕೇಳುವುದು ಲೇಸು. ಕಾರಣ ಹೇಳುವ ಶಕ್ತಿ ಆ ವಯಸ್ಸಿಗೆ ಇಲ್ಲ. ಊಹಿಸುವ ಶಕ್ತಿ ಧಾರಾಳವಾಗಿದೆ. ಊಹೆ ತಪ್ಪಿದಾಗ ಮಗು ಅಳುವುದಿಲ್ಲ, ಮತ್ತೆ ಮಾಡಿ ನೋಡುತ್ತದೆ. ಮೂರನೆಯದಾಗಿ, ಅದು ಸಾಕೆನ್ನುವವರೆಗೂ ಮರಳಿ ಮರಳಿ ಮಾಡಲು ಬಿಡಬೇಕು.

ಕೆಲವು ಎಚ್ಚರಿಕೆಗಳೂ ಅವಶ್ಯ. ಬಕೆಟ್ಟಿನ ತಳದಲ್ಲಿರುವ ಕೆಲವೇ ಅಂಗುಲ ನೀರು ಕೂಡ ಎಳೆಯ ಮಗುವಿನ ಪ್ರಾಣಕ್ಕೆ ಎರವಾದೀತು. ಆದುದರಿಂದ ಕ್ಷಣಕಾಲವೂ ಮಗುವನ್ನು ಒಂಟಿಯಾಗಿ ಬಿಡಬಾರದು, ಆಟ ಮುಗಿದೊಡನೆ ನೀರನ್ನು ಚೆಲ್ಲಬೇಕು. ನಾಯಿ ಬೆಕ್ಕುಗಳು ಹೊಲಸು ಮಾಡದ ಮಣ್ಣನ್ನೇ ಆರಿಸಬೇಕು. ಹಸಿ ಹಿಟ್ಟು, ಮಣ್ಣು, ಸಾಬೂನು ಬಾಯಿಗೆ ಹೋಗದಂತೆ ನೋಡಿಕೊಂಡು, ಕೊನೆಗೆ ಕೈಗಳನ್ನು ಚೆನ್ನಾಗಿ ತೊಳೆಸಬೇಕು. ಪಿಷ್ಟದ ಕಲಕನ್ನು ಬಚ್ಚಲ ಕೊಳವೆಗೆ ಸುರಿದರೆ ಅದು ತಳದಲ್ಲಿ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಒಣಗಿಸಿ ಕಸದೊಡನೆ ಹಾಕುವುದು ಒಳ್ಳೆಯದು. ನಗರದ ಪುಟ್ಟ ಬಾಡಿಗೆ ಮನೆಯಲ್ಲಿ ಹಿತ್ತಲು ಎಲ್ಲಿಂದ ಬರಬೇಕು ಎನ್ನುವವರಿಗೆ, ಹಳೆಯ ಹೊದಿಕೆಯೊಂದನ್ನು ಹಾಸಿ ಅದರ ಮೇಲೊಂದು ಪರಾತವನ್ನಿಟ್ಟರೆ ಅದೇ ಪ್ರಯೋಗಶಾಲೆ. ಚೆಲ್ಲಿದುದನ್ನು ಒರೆಸುವ ಕೆಲಸದಲ್ಲಿ ಮಗುವೂ ಪಾಲುಗೊಳ್ಳಲಿ. ಬಟ್ಟೆ ನೀರನ್ನು ಹೀರುತ್ತದೆ, ಪ್ಲಾಸ್ಟಿಕ್ ಹಾಳೆ ಹೀರದು ಎಂಬುದೂ ಒಂದು ಪಾಠವೇ.

ಇದು ಹೊಸ ಮಾತೇನೂ ಅಲ್ಲ. ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸೊರಿ, ಸುರಿಯುವುದು, ತೊಳೆಯುವುದು, ಒರೆಸುವುದು ಇವುಗಳನ್ನೇ ಶಿಕ್ಷಣದ ಮೊದಲ ಮೆಟ್ಟಿಲಾಗಿ ಮಾಡಿದಳು. ೧೯೩೯ರಲ್ಲಿ ಭಾರತಕ್ಕೆ ಬಂದು ಕೆಲವು ವರ್ಷಗಳ ಕಾಲ ಇಲ್ಲಿಯ ಶಿಕ್ಷಕರಿಗೂ ತರಬೇತಿಯಿತ್ತಳು. ಅದಕ್ಕೂ ಮುಂಚೆ, ೧೯೨೦ರಲ್ಲಿಯೇ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರವನ್ನು ಆರಂಭಿಸಿದ್ದರು. ಹೊಸದಾಗಿರುವುದು ನಮ್ಮ ಕಾಲದ ಅಡ್ಡಿ. ಇಂದು ಮಗುವಿನ ಬೆರಳು ಹೆಚ್ಚಾಗಿ ತಗಲುವುದು ಮೊಬೈಲ್ ಫೋನಿನ ಗಾಜಿಗೆ. ಅದರಲ್ಲಿ ನದಿಯ ಚಿತ್ರವಿರಲಿ, ಮರಳುಗಾಡಿನದಿರಲಿ, ಬೆರಳಿಗೆ ಸಿಗುವುದು ಒಂದೇ ನುಣುಪು. ನೀರಿನ ತಂಪು, ಮರಳಿನ ತರಿ, ಜೇಡಿಯ ಅಂಟು, ಪಿಷ್ಟದ ಕಪಟ—ಇವುಗಳನ್ನು ಯಾವ ಗಾಜೂ ಕೊಡಲಾರದು.

ಈ ಆಟಗಳಿಂದ ಪ್ರತಿ ಮಗುವೂ ವಿಜ್ಞಾನಿಯಾಗುತ್ತದೆಂದು ನಾವು ಹೇಳುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮುಟ್ಟಿ ನೋಡಿ ತಿಳಿಯಬಹುದಾದುದನ್ನು ಇನ್ನೊಬ್ಬರ ಬಾಯಿಂದ ಕೇಳಿ ಸುಮ್ಮನಾಗುವ ಅಭ್ಯಾಸ ಬೆಳೆಯದಿದ್ದರೆ ಅಷ್ಟೇ ದೊಡ್ಡ ಲಾಭ. ಮುಂದಿನ ಭಾನುವಾರ ಪುಸ್ತಕವನ್ನು ಒಂದು ಗಂಟೆ ಮುಚ್ಚಿಟ್ಟು, ತಮ್ಮನನ್ನೋ ತಂಗಿಯನ್ನೋ ಕರೆದು ಒಂದು ಬೋಗುಣಿಯ ಮುಂದೆ ಕುಳಿತುಕೊಳ್ಳಿರಿ. ನಿಮ್ಮ ಕೈಗಳೂ ಕೆಸರಾಗಲಿ. ಉತ್ತರ ಎಷ್ಟು ಬರಬೇಕೆಂದು ಆ ಮಗು ನಿಮ್ಮನ್ನು ಕೇಳುವುದಿಲ್ಲ. ಪರೀಕ್ಷೆಯ ದಿನ ನೀವೂ ಅದನ್ನು ಕೇಳದಿರುವುದು ಸಾಧ್ಯವಾದೀತು.